ವರ್ನಾಡೊನ ಇಪ್ಪತ್ತಮೂರು

ಅಮೆರಿಕದ ಲೂಯಿಸಿಯಾನದ ನಮ್ಮ ಜೈಲಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಕ್ಲಿಯೋಟಿಸ್ ವರ್ನಾಡೊನ ಇಪ್ಪತ್ತಮೂರು ಅಂಕಗಳಿಗೆ ಒಂದು ಇಡೀ ಅಧ್ಯಾಯವನ್ನು ಮೀಸಲಿಡಬೇಕು.

ಹೈಸ್ಕೂಲಿಗೆ ಸಮವೆನಿಸುವ ಪರೀಕ್ಷೆಗೆ ಕೂರುವ ಮೊದಲು ಗಣಿತದ ತಯಾರಿ ಪರೀಕ್ಷೆಯಲ್ಲಿ ನಲವತ್ತಕ್ಕೆ ಇಪ್ಪತ್ತನಾಲ್ಕು ಬರಬೇಕು. ಅರವತ್ತು ದಾಟಿದ ವರ್ನಾಡೊ ನಾಲ್ಕು ಸಲ ಬರೆದ. ನಾಲ್ಕು ಸಲವೂ ಇಪ್ಪತ್ತಮೂರು. ಪ್ರಮಾಣಪತ್ರ ಸಿಕ್ಕರೆ ಶಿಕ್ಷೆಯಲ್ಲಿ ಆರು ತಿಂಗಳು ಕಡಿತ. ಅದನ್ನು ಬೇಡವೆನ್ನುವ ಕೈದಿಯನ್ನು ಕಂಡರೆ ಇಡೀ ಜೈಲು ಅನುಮಾನದಿಂದ ಮೂಗು ಅರಳಿಸುತ್ತದೆ.

ಏನೋ ಬಚ್ಚಿಟ್ಟಿದ್ದಾನೆಂದು ಕಾವಲುಗಾರ ಹೆಬರ್ಟ್ ಅವನ ಪುಸ್ತಕದ ಬೆನ್ನು ಸೀಳಿ ನೋಡಿದ. ಅಂಟು ಬಿಟ್ಟರೆ ಏನೂ ಇರಲಿಲ್ಲ. "ಕ್ಲಾಸಲ್ಲಿ ಎಸಿ ಇದೆ. ಪಾಸಾದ್ರೆ ಕ್ಲಾಸಿಂದ ಹೊರಗೆ ಹಾಕ್ತಾರಲ್ಲ, ಅದಕ್ಕೇ ಮುದುಕ ಜಾಗ ಬಿಡ್ತಿಲ್ಲ" ಎಂದಿತು ಅವನಿದ್ದ ಸಿ ಬ್ಲಾಕು. ಜನವರಿಯ ಚಳಿಯಲ್ಲೂ ಅವನು ಒಂದು ದಿನವೂ ತಪ್ಪಿಸಲಿಲ್ಲ.

ಕೈದಿಗಳಿಗೆ ಪಾಠ ಹೇಳಿಕೊಡುವ ಕೈದಿ ನಾನು. ಟೀಚರ್ ಮಿಸ್ ಗಿಡ್ರಿ ನನ್ನ ಮುಂದೆ ಅವನ ಉತ್ತರಪತ್ರಿಕೆಗಳನ್ನು ಹರಡಿದರು.

"ಪ್ರತಿ ಸಲ ಹದಿನೇಳು ತಪ್ಪು, ಆದ್ರೆ ಬೇರೆ ಬೇರೆ ಹದಿನೇಳು. ಹೋದ್ಸಲ ಸರಿ ಮಾಡಿದ್ದನ್ನ ಈ ಸಲ ತಪ್ಪು ಮಾಡಿದಾನೆ. ಇಷ್ಟು ಕರಾರುವಾಕ್ಕಾಗಿ ದಡ್ಡ ಆಗೋಕೆ ಗಣಿತ ಚೆನ್ನಾಗಿ ಬರಬೇಕಪ್ಪ."

ಅಂದಿನಿಂದ ಅವನ ಮೇಲೆ ಕಣ್ಣಿಟ್ಟೆ. ಎ ಬ್ಲಾಕಿನ ಟ್ರೆಮೆಲ್ ಎಂಬ ಮೂವತ್ತರ ಒರಟ ಸದಾ ಅವನ ಪಕ್ಕದಲ್ಲೇ. ಎರಡು ಬ್ಲಾಕಿನವರು ಪರಸ್ಪರ ಮುಖ ನೋಡುವುದು ತರಗತಿಯಲ್ಲಿ ಮಾತ್ರ. ಏನೋ ಕಳ್ಳಸಾಗಾಟವೆಂದುಕೊಂಡು ಹಿಂದೆ ಹೋಗಿ ನಿಂತೆ.

"ಮೊದ್ಲು ಎರಡು ಭಿನ್ನರಾಶಿಗೂ ಕೆಳಗಿನ ಅಂಕಿ ಒಂದೇ ಮಾಡ್ಕೊ," ಅನ್ನುತ್ತಿದ್ದ ಮುದುಕ. "ನಿಮ್ಮಮ್ಮ ಮೆಕ್ಕೆಜೋಳದ ಬ್ರೆಡ್ಡು ಸಮಸಮ ಕೊಯ್ಯೋಳಲ್ಲ, ಹಂಗೆ."

"ಅಮ್ಮ ಕೊಯ್ಯೋವಾಗ ನೀನೆಲ್ಲಿದ್ದೆ? ಇಲ್ಲೇ ತಾನೆ ಬಿದ್ದಿದ್ದು?"

"ಇಲ್ಲೇ. ಈಗ್ಲೂ ಇಲ್ಲೇ ಇದೀನಿ. ಲೆಕ್ಕ ಮಾಡೋ ಮಗನೆ."

ಅಪ್ಪ-ಮಗನ ಮನೆತನದ ಹೆಸರು ಬೇರೆ ಬೇರೆ, ಹಾಗಾಗಿ ಈ ಸಂಬಂಧ ಕಚೇರಿಗೆ ತಿಳಿದಿರಲಿಲ್ಲ. ನಾನು ಮಿಸ್ ಗಿಡ್ರಿಗೆ ಹೇಳಿದೆ. ಅವರು ನನ್ನೆದುರಿಗೇ ಮುದುಕನನ್ನು ಕರೆಸಿದರು.

"ಇನ್ನೊಂದ್ಸಲ ಇಪ್ಪತ್ತಮೂರು ಬಂದ್ರೆ ಕ್ಲಾಸಿಂದ ನಿನ್ನ ಹೆಸರು ಹೊಡೆದು ಹಾಕ್ತೀನಿ, ವರ್ನಾಡೊ. ಮೇ ತಿಂಗಳಿಗೆ ಇವನ ಬಿಡುಗಡೆ. ಪಾಠ ಹೇಳೋ ಕುರ್ಚಿ ಖಾಲಿಯಾಗುತ್ತೆ. ಅದ್ರಲ್ಲಿ ಕೂತ್ರೆ ಕ್ಲಾಸಲ್ಲೇ ಇರಬಹುದು, ಆದ್ರೆ ಅದಕ್ಕೆ ಪ್ರಮಾಣಪತ್ರ ಬೇಕು."

ವರ್ನಾಡೊ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇದ್ರಲ್ಲಿ ಇವನಿಗೇನು ಲಾಭ, ಮಿಸ್?"

"ಅದನ್ನೇ ನಾನೂ ಯೋಚಿಸ್ತಿದೀನಿ," ಎಂದರು ಅವರು.

ಮಾರ್ಚ್‌ನಲ್ಲಿ ಅವನಿಗೆ ನಲವತ್ತಕ್ಕೆ ನಲವತ್ತು ಬಂತು. ಏಪ್ರಿಲ್‌ನಲ್ಲಿ ಪ್ರಮಾಣಪತ್ರ ಬಂತು. ಮೇ ತಿಂಗಳಲ್ಲಿ ನಾನು ಹೊರಟಾಗ ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ. ಆ ವಾರದ ತಯಾರಿ ಪರೀಕ್ಷೆಯಲ್ಲಿ ಟ್ರೆಮೆಲ್‌ಗೆ ಇಪ್ಪತ್ತಮೂರು ಬಂತು.