ಸೊನ್ನೆ ಕಿಲೋ ತೂಗಿದ ಹದಿನಾರು ಮಕ್ಕಳು

ನಾನು ಒಂದು ಲ್ಯಾಪ್‌ಟಾಪ್. ಯಾವುದೋ ದೂರದ ಕಾರ್ಖಾನೆಯಲ್ಲಿ ನನ್ನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ ಬೆರಳುಗಳೇ ನನ್ನ ಮೊದಲ ನೆನಪು. ಗದಗಿನ ಪ್ರಾಧ್ಯಾಪಕರೊಬ್ಬರು ನನ್ನನ್ನು ಕೊಂಡು, ಅಂಕಿಅಂಶಗಳ ತಂತ್ರಾಂಶ ಹಾಕಿ ಆರು ವರ್ಷ ದುಡಿಸಿದರು. ಹೊಸದು ಬಂದ ಮೇಲೆ ಮಕ್ಕಳ ಆರೋಗ್ಯದ ಸಮೀಕ್ಷೆ ಮಾಡುವ ಸಣ್ಣ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟರು.

ಅಲ್ಲಿ ನನ್ನ ಮುಂದೆ ಕುಳಿತವಳು ಫಕೀರವ್ವ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಲೆಕ್ಕದ ಆಜ್ಞೆ ಬರೆಯುವಾಗ ಒಂದು ಬ್ರಾಕೆಟ್ ಮುಚ್ಚಲು ಮರೆತರೂ ನನ್ನ ಪರದೆಯ ಮೇಲೆ ಕೆಂಪು ಅಕ್ಷರ ಮೂಡುತ್ತಿತ್ತು. ಬೈಸಿಕೊಂಡವಳಂತೆ ಅವಳು ತಲೆ ತಗ್ಗಿಸುತ್ತಿದ್ದಳು. ಆದರೆ ಎದ್ದು ಹೋಗುತ್ತಿರಲಿಲ್ಲ.

ಒಂದು ದಿನ ತನ್ನೂರಿನ ಅಂಗನವಾಡಿಯ ನಲವತ್ತು ಮಕ್ಕಳ ತೂಕದ ಸರಾಸರಿ ಕೇಳಿದಳು. ಏಳು ಕಿಲೋ ಇನ್ನೂರು ಗ್ರಾಂ ಎಂದೆ. ಮೂರು ವರ್ಷದ ಮಕ್ಕಳಿಗೆ ಅದು ತೀರಾ ಕಡಿಮೆ.

"ಬಸಲಿಂಗವ್ವ ಟೀಚರ್ ಮಕ್ಕಳಿಗೆ ಏನ್ ತಿನ್ನಸ್ತಾಳವಾ, ಗಾಳಿನ?" ಎಂದರು ಮೇಲ್ವಿಚಾರಕಿ ಸುಲೋಚನಾ ಮೇಡಂ. "ನಾಳೆ ವರದಿ ಹೋಗ್ಲಿ. ಆಕಿ ಕೆಲಸ ಉಳಿಯೂದಿಲ್ಲ ಬಿಡು."

ಫಕೀರವ್ವ ಸಾಲುಗಳ ಮೇಲೆ ಬೆರಳಾಡಿಸಿದಳು. ಹದಿನಾರು ಕಡೆ ಸೊನ್ನೆ ಇತ್ತು. ತೂಗಿದ ದಿನಾಂಕ ನೋಡಿದಳು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಮೇಡಂ," ಎಂದಳು ಮೆಲ್ಲಗೆ. "ಅವತ್ತ ಅಮಾಸಿ ಇತ್ರಿ. ಅಮಾಸಿ ದಿನ ನಮ್ಮೂರಾಗ ಕೆಲವು ಮಂದಿ ಕೂಸುಗಳನ್ನ ತಕ್ಕಡಿಗೆ ಹಾಕಗೊಡೂದಿಲ್ರಿ, ದೃಷ್ಟಿ ಆಕ್ಕೈತಿ ಅಂತ. ತೂಗದ ಕೂಸಿನ ಮುಂದ ಟೀಚರ್ ಸೊನ್ನೆ ಬರದಾರ."

"ಅದನ್ನ ಕಂಪ್ಯೂಟರ್‌ನ್ಯಾಗ ಹಂಗ ಹಾಕಿದಾಕಿ ಯಾರು?"

ಅವಳ ಬೆರಳು ನನ್ನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. "ನಾನ ರಿ. ಖಾಲಿ ಬಿಡಬೇಕಿತ್ತು."

ಸೊನ್ನೆಗಳನ್ನು ಅಳಿಸಿ, ಖಾಲಿ ಇದ್ದವರನ್ನು ಎಣಿಸಬೇಡ ಎಂದು ನನಗೆ ಒಂದು ಸಾಲು ಬರೆದಳು. ಕೆಂಪು ಅಕ್ಷರ ಬರಲಿಲ್ಲ. ಹನ್ನೆರಡು ಕಿಲೋ ಎಂದೆ.

ಮೇಡಂ ಎರಡು ಸಲ ಓದಿದರು. "ವರದಿ ನಿಲ್ಲಲಿ. ಮೊದಲ ಆ ಹದಿನಾರೂ ಕೂಸು ತೂಗಿಸ್ಕೊಂಡು ಬಾ. ಅಮಾಸಿ ಇಲ್ಲಲ್ಲ ನಾಳೆ?"

ತೂಕ ಬಂತು. ಸರಾಸರಿ ಹನ್ನೊಂದು ಮುಕ್ಕಾಲು ಕಿಲೋಗೆ ನಿಂತಿತು. ಬಸಲಿಂಗವ್ವನ ಕೆಲಸವೂ ಉಳಿಯಿತು. ಅವರು ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದ್ದರು. ಅದರ ಪುಡಿ ಇನ್ನೂ ನನ್ನ ಗುಂಡಿಗಳ ಸಂದಿಯಲ್ಲಿದೆ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಸತ್ತು, ಗೋಡೆಯ ವೈರಿನ ಬಲದಲ್ಲಿ ಬದುಕಿದ್ದೇನೆ. ಗುಜರಿಗೆ ಹಾಕುವ ಮಾತು ಬಂದಾಗ ಫಕೀರವ್ವ, "ಕಲಿಯೋರಿಗೆ ಇರ್ಲಿ ರಿ" ಎಂದಳು. ಕಿಟಕಿಯ ಮೂಲೆಯಲ್ಲಿ ಅವಳೇ ಇಬ್ಬರು ಹುಡುಗಿಯರಿಗೆ ಕಲಿಸುತ್ತಾಳೆ.

"ಅಕ್ಕಾ, ಬ್ಯಾಟರಿ ಸೊನ್ನೆ ತೋರಸಾಕತ್ತೈತಿ," ಎಂದಳು ಒಬ್ಬಳು ಇವತ್ತು. "ಇದು ಸತ್ತೈತೇನು?"

"ಸೊನ್ನೆ ಕಂಡ ಕೂಡಲೆ ನಂಬಬ್ಯಾಡ," ಎಂದಳು ಫಕೀರವ್ವ. "ಒತ್ತಿ ನೋಡು."

ಹುಡುಗಿ ಅಂಜುತ್ತಾ ಒತ್ತಿದಳು. ನಾನು ಉತ್ತರ ಕೊಟ್ಟೆ.