ಮೈ ಹಿಡಿದ ತಮ್ಮ

ನನ್ನ ತಮ್ಮ ಹೊನ್ನೂರಸ್ವಾಮಿಗೆ ನನ್ನದೇ ಕಿಡ್ನಿ ಹಾಕಿ ವರ್ಷ ತುಂಬುವಷ್ಟರಲ್ಲಿ ಅವನ ಕೆನ್ನೆ ಪೂರಿಯ ಹಾಗೆ ಉಬ್ಬಿತ್ತು. ಹೊಟ್ಟೆ ಅಂಗಿಯ ಗುಂಡಿಗಳನ್ನು ಎಳೆಯುತ್ತಿತ್ತು. ಗಾದಿಗನೂರಿನಲ್ಲಿ ಎದುರು ಸಿಕ್ಕವರೆಲ್ಲ ಹೊಗಳುವವರೇ.

"ತಾಯಕ್ಕ, ತಮ್ಮ ಮಸ್ತ್ ಮೈ ಹಿಡಿದಾನಲ್ಲ ಬೇ!" ಎಂದಳು ಪಕ್ಕದ ಮನೆಯ ನಿಂಗಕ್ಕ.

"ಯಾರ ಕಿಡ್ನಿ ಅಂದ್ಕೊಂಡಿ?" ಎಂದೆ.

ಹೊಸ ಕಿಡ್ನಿ ಮೈಗೆ ಒಗ್ಗಲೆಂದು ಕೊಟ್ಟ ಗುಳಿಗೆಗಳಿಂದ ಅವನಿಗೆ ವಿಪರೀತ ಹಸಿವು. ಕೇಳಿ ಕೇಳಿ ಉಣ್ಣುತ್ತಿದ್ದ, ನಾನು ತುಪ್ಪ ಸುರಿಯುತ್ತಿದ್ದೆ.

ಅವನ ಆಸೆ ಒಂದೇ: ಹೆದ್ದಾರಿ ಪಕ್ಕದ ಲಿಂಗರಾಜ್‌ನ ಪಂಚರ್ ಅಂಗಡಿಯಲ್ಲಿ ಹಳೆಯ ಕೆಲಸ ಮತ್ತೆ ಹಿಡಿಯಬೇಕು. ಲಿಂಗರಾಜ್ ಅವನ ಮೈ ನೋಡಿದ್ದೇ, "ನಾಳಿನೇ ಬಾರಲೇ ಪೈಲ್ವಾನ!" ಎಂದುಬಿಟ್ಟ.

ಮರುದಿನ ನಾನು ಬುತ್ತಿ ಒಯ್ದಾಗ ಸಂಡೂರಿನ ಅದಿರಿನ ಲಾರಿಯೊಂದು ನಿಂತಿತ್ತು. ಪಂಚರ್ ಎಂದರೆ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ. ತಮ್ಮ ಕೂತ. ಗಾಲಿಯಿಂದ ಟೈರು ಬಿಡಿಸಲು ರಾಡು ಹಾಕಿ ಒತ್ತಿದ, ಜಗ್ಗಲಿಲ್ಲ. ಏಳಲು ಹೋದ, ಆಗಲಿಲ್ಲ. ಡ್ರೈವರ್ ಒಂದು ರಟ್ಟೆ, ಲಿಂಗರಾಜ್ ಇನ್ನೊಂದು ರಟ್ಟೆ ಹಿಡಿದು ಎಬ್ಬಿಸಿದರು.

"ಸ್ವಾಮಿ, ನೀ ಕುರ್ಚಿ ಮ್ಯಾಲೆ ಕುಂದ್ರು, ಟ್ಯೂಬ್ ಮಾರ್ಕೊಂತ ಇರು. ಈ ಕೆಲಸಕ್ಕ ಬ್ಯಾರೆ ಯಾರನ್ನಾರ ನೋಡ್ತೀನಿ" ಎಂದ ಲಿಂಗರಾಜ್.

"ದಸರಾ ತನಕ ಯಾರನ್ನೂ ಇಟ್ಕೋಬ್ಯಾಡ ಲಿಂಗರಾಜ" ಎಂದೆ ನಾನು. ನನ್ನ ಮುಖ ನೋಡಿ ಅವನು ಒಪ್ಪಿದ.

ಮನೆಗೆ ಬಂದ ಮೇಲೆ ತಮ್ಮ, "ಈ ಮಾರಿ ಊದಿಸೋ ಗುಳಿಗಿನ ಬಿಟ್ಟುಬಿಡ್ತೀನಕ್ಕ" ಎಂದ.

"ಬಿಡು. ಮೊದ್ಲು ನನ್ನ ಕಿಡ್ನಿ ವಾಪಸ್ ಕೊಡು."

ಗೊಣಗುತ್ತಲೇ ಗುಳಿಗೆ ನುಂಗಿದ.

ಹೊಸಪೇಟೆಯ ಡಾಕ್ಟರ್ ಹೇಮಾವತಿ ಅವನ ತೂಕ ನೋಡಿದರು, ರಟ್ಟೆ ತೊಡೆ ಹಿಡಿದು ನೋಡಿದರು. "ತೂಕ ಏರೈತ್ರಿ, ಆದ್ರ ಏರಿದ್ದು ಕೊಬ್ಬು. ಒಳಗಿನ ಮಾಂಸ ಕರಗೈತಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಊಟ ಬದಲು ಮಾಡ್ರಿ, ಕಾಲಿಗೆ ಕೆಲಸ ಕೊಡ್ರಿ."

"ಅಂದ್ರ ಸವದ ಟೈರಿಗೆ ಗಾಳಿ ಹೊಡದಂಗ ಆತೇನ್ರಿ ಮೇಡಮ್?" ಎಂದ ತಮ್ಮ.

ಅವರು ನಕ್ಕರು. "ಹಂಗ ಅನ್ರಿ. ಆದ್ರ ಸವದ ಟೈರು ಬೆಳಿಯಂಗಿಲ್ಲ, ಮಾಂಸ ಬೆಳಿತೈತಿ."

ತುಪ್ಪದ ಡಬ್ಬಿ ಅಟ್ಟ ಸೇರಿತು. ಅವರು ಹೇಳಿದಷ್ಟೇ ಮೊಟ್ಟೆ, ಹೆಸರುಕಾಳು, ಜೋಳದ ರೊಟ್ಟಿ. ತಮ್ಮನನ್ನು ಮೊದಲು ಕುರ್ಚಿಯ ಮೇಲೆ ಕೂರಿಸಿ, ರೊಟ್ಟಿಯನ್ನು ಒಲೆಯ ಹತ್ತಿರವೇ ಇಟ್ಟುಕೊಂಡೆ. ಪ್ರತಿ ರೊಟ್ಟಿಗೂ ಎದ್ದು ಬರಬೇಕು, ಕೈ ಊರಿದರೆ ರೊಟ್ಟಿಯಿಲ್ಲ. ಕುರ್ಚಿ ಸಲೀಸಾದ ಮೇಲೆ ಸ್ಟೂಲು, ಆಮೇಲೆ ಮಣೆ, ಕೊನೆಗೆ ನೆಲ.

"ಅಕ್ಕ ಅಲ್ಲ ನೀನು, ಪೊಲೀಸು!" ಎಂದು ಬೈಯುತ್ತಲೇ ಏಳುತ್ತಿದ್ದ. ಸಂಜೆಗಳಲ್ಲಿ ಕಾಲುವೆ ದಾರಿಯಲ್ಲಿ ನಡೆದು ಬರುತ್ತಿದ್ದ.

ಹೊಟ್ಟೆ ಇಳಿಯಿತು. ನಿಂಗಕ್ಕ ಗಲ್ಲಕ್ಕೆ ಕೈ ಹಚ್ಚಿದಳು: "ಅಯ್ಯ, ತಮ್ಮ ಸೊರಗ್ಯಾನಲ್ಲ ಬೇ! ಕಿಡ್ನಿ ಹೊಂದಲಿಲ್ಲೇನು?"

"ದಸರಾಕ್ಕ ಅಂಗಡಿ ಕಡೆ ಬಾ, ತೋರಿಸ್ತೀನಿ."

ಬಂದಳು. ಆಯುಧ ಪೂಜೆ ಮುಗಿದು ರಾಡುಗಳ ಮೇಲಿನ ಕುಂಕುಮ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಬಂತು ಒಂದು ಲಾರಿ. ಗಾಲಿ ಇಳಿಸಲು ಕ್ಲೀನರ್ ಕೈ ಹಚ್ಚಿದ. ತಮ್ಮ ಕುಕ್ಕರುಗಾಲಲ್ಲಿ ಕೂತು ರಾಡು ಹಾಕಿ ಒತ್ತಿದ. ಟೈರು ಬಿಟ್ಟುಕೊಂಡಿತು. ಆಮೇಲೆ ಒಂದು ಕೈಯಲ್ಲಿ ರಾಡು, ಇನ್ನೊಂದರಲ್ಲಿ ಟ್ಯೂಬು ಹಿಡಿದುಕೊಂಡೇ ಎದ್ದು ನಿಂತ.

ಲಿಂಗರಾಜ್ ಅವನಿಗಾಗಿ ಹಾಕಿಸಿದ್ದ ಕುರ್ಚಿಯನ್ನು ಎಳೆದುಕೊಂಡು ತಾನೇ ಕೂತ.

"ಸ್ವಾಮಿ, ಜಲ್ದಿ ಮಾಡಲೇ, ಹಿಂದೆ ಇನ್ನೊಂದು ಗಾಡಿ ನಿಂತೈತಿ."