ಸೋದರತ್ತೆಯ ಪಾಲಿನ ಎರಡು ತಪ್ಪುಗಳು

ತಲೆಗೂದಲು ಮುಕ್ಕಾಲು ಪಾಲು ನರೆತು, ಒಂದೇ ಅಂಗಡಿಯಲ್ಲಿ ಇಪ್ಪತ್ತಮೂರು ವರ್ಷ ಸವೆಸಿ, ನಿವೃತ್ತಿಗೆ ಇನ್ನೆರಡೇ ವರ್ಷ ಉಳಿದಿರುವ ಹೆಂಗಸೊಬ್ಬರು ಎದೆಯ ಮೇಲೆ ‘ನಾನಿನ್ನೂ ಕಲಿಯುತ್ತಿದ್ದೇನೆ, ದಯವಿಟ್ಟು ಸಹಕರಿಸಿ’ ಎಂಬ ಹಳದಿ ಬಿಲ್ಲೆ ತಗುಲಿಸಿಕೊಂಡು ಗಂಭೀರವಾಗಿ ನಿಂತಿದ್ದರೆ ನೋಡಿದವರಿಗೆ ನಗು ಬರುವುದು ಸಹಜವೇ. ಕೆಲವು ಗಿರಾಕಿಗಳು ನಗುತ್ತಿದ್ದರು. ಕೆಲವರು, ಪಾಪ, ಈ ವಯಸ್ಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಬೇಕಾಯಿತಲ್ಲ ಎಂದು ಮರುಗಿ, ತಮಗೆ ಬೇಕಾದ ತಟ್ಟೆಯನ್ನೋ ಪೊರಕೆಯನ್ನೋ ತಾವೇ ಹುಡುಕಿಕೊಳ್ಳುತ್ತಿದ್ದರು. ಒಬ್ಬ ವೃದ್ಧರಂತೂ “ಧೈರ್ಯವಾಗಿರಮ್ಮ, ಒಂದು ತಿಂಗಳಲ್ಲಿ ಎಲ್ಲಾ ಬಂದುಬಿಡತ್ತೆ” ಎಂದು ಸಮಾಧಾನ ಹೇಳಿ ಹೋದರು. “ನಿಮ್ಮ ಬಾಯಿಹರಕೆ” ಎಂದು ಆಕೆ ಕೈ ಮುಗಿದರು. ಆ ವೃದ್ಧರು ಕೊಂಡೊಯ್ದ ಮಡಚುವ ಕುರ್ಚಿಯನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಅಂಗಡಿಯ ಅರ್ಧದಷ್ಟು ಜನಕ್ಕೆ ಕಲಿಸಿದವರು ಆಕೆಯೇ.

ಅವರನ್ನು ಎಲ್ಲರೂ ಸೋದರತ್ತೆ ಎಂದು ಕರೆಯುತ್ತಿದ್ದರು. ಬಾಗಿಲು ಕಾಯುವವನು ಇಟ್ಟ ಹೆಸರದು. “ನಮ್ಮನ್ನ ಬೈಯೋದೂ ಅವರೇ, ನಮ್ಮನ್ನ ಬೇರೆಯವರು ಬೈದ್ರೆ ಜಗಳಕ್ಕೆ ಹೋಗೋದೂ ಅವರೇ, ಇನ್ನೇನಂತ ಕರೀಬೇಕು?” ಎಂಬುದು ಅವನ ಸಮರ್ಥನೆ. ವರ್ಷಾನುಗಟ್ಟಲೆ ಸಾಮಾನಿನ ಗಾಡಿ ತಳ್ಳಿ ತಳ್ಳಿ ಅವರ ನಡಿಗೆಗೆ ಒಂದು ವಿಚಿತ್ರ ಭಂಗಿ ಬಂದಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಎರಡೂ ಮುಂಗೈಗಳನ್ನು ಸ್ವಲ್ಪ ಮುಂದೆ ಚಾಚಿ, ಕಣ್ಣಿಗೆ ಕಾಣದ ಗಾಡಿಯೊಂದನ್ನು ತಳ್ಳುತ್ತಿರುವಂತೆ ಬರುತ್ತಿದ್ದರು. ತಿರುವಿನಲ್ಲಿ ನಿಂತು ಎದುರಿನವರಿಗೆ ದಾರಿ ಬಿಡುತ್ತಿದ್ದರು. ಮೈಮೇಲೆ ಯಾವಾಗಲೂ ಒಂದು ಬೂದುಬಣ್ಣದ ಕೋಟು. ಅದರ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ, ಹಾಗಾಗಿಯೇ ಯಾರೂ ಕೊಳ್ಳದೆ ಉಳಿದಿದ್ದ ಮಾಲು. “ನನ್ನ ಎಡಗೈಗೆ ಚಳಿ ಜಾಸ್ತಿ” ಎಂದು ಹೇಳಿ ಅದನ್ನು ಕೊಂಡುಕೊಂಡರಂತೆ. ಅದರ ಜೇಬಿನಲ್ಲಿ ಅಳತೆಪಟ್ಟಿ, ಪಿನ್ನು, ಸೀಮೆಸುಣ್ಣ, ಅಳುವ ಮಕ್ಕಳಿಗಾಗಿ ಪೆಪ್ಪರ್‌ಮಿಂಟು ಇರುತ್ತಿದ್ದವು.

ನಮ್ಮದು ದೊಡ್ಡ ಕಂಪನಿ. ದೇಶದ ಉದ್ದಗಲಕ್ಕೂ ನಾನೂರಕ್ಕೂ ಮಿಕ್ಕಿ ಅಂಗಡಿಗಳು. ಎಲ್ಲದರಲ್ಲೂ ಅದೇ ಬಿಳಿ ದೀಪ, ಅದೇ ಎತ್ತರದ ಕಪಾಟು, ದಿಂಬಿನ ಪಕ್ಕ ಪರದೆ, ಪರದೆಯ ಪಕ್ಕ ಬಲ್ಬು. ಯಾವ ವಸ್ತು ಎಲ್ಲಿರಬೇಕು, ಗಿರಾಕಿ ಎಷ್ಟು ಹೆಜ್ಜೆ ಹತ್ತಿರ ಬಂದಾಗ ನಾವು ನಗಬೇಕು ಎಂಬುದೆಲ್ಲ ಪ್ರಧಾನ ಕಚೇರಿಯಿಂದ ಬಂದ ದಪ್ಪ ಪುಸ್ತಕವೊಂದರಲ್ಲಿ ಇತ್ತು. ನಾವೆಲ್ಲ ಅದಕ್ಕೆ ದೂರದಿಂದಲೇ ನಮಸ್ಕಾರ ಹಾಕುತ್ತಿದ್ದೆವು. ಸೋದರತ್ತೆ ಮಾತ್ರ ಅದನ್ನು ಮೊದಲಿಂದ ಕೊನೆಯವರೆಗೆ, ಅಡಿಟಿಪ್ಪಣಿಗಳನ್ನೂ ಬಿಡದೆ, ಭಕ್ತಿಯಿಂದಲ್ಲ, ಬಾಡಿಗೆಮನೆಯ ಕರಾರುಪತ್ರ ಓದುವಷ್ಟು ಎಚ್ಚರದಿಂದ ಓದಿದ್ದರು.

ಎಂಥ ಅನಾಹುತವಾದರೂ “ಅಷ್ಟೇ ತಾನೆ?” ಎನ್ನುವುದು ಅವರ ರೂಢಿ. ಗಾಜಿನ ಲೋಟಗಳ ಪೆಟ್ಟಿಗೆ ಬಿದ್ದು ಚೂರಾದಾಗ “ಅಷ್ಟೇ ತಾನೆ?” ಛಾವಣಿಯಿಂದ ನೀರು ಸೋರಿ ಹಾಸಿಗೆಗಳು ನೆನೆದಾಗಲೂ “ಅಷ್ಟೇ ತಾನೆ?” ಒಮ್ಮೆ ಒಬ್ಬಾಕೆ ನಾಲ್ಕು ವರ್ಷ ಬಳಸಿದ ನೀರು ಕಾಯಿಸುವ ಕೆಟಲ್ಲನ್ನು ತಂದು, ಇದು ಕೆಟ್ಟಿದೆ, ವಾಪಸು ತೆಗೆದುಕೊಳ್ಳಿ ಎಂದು ಕೂಗಾಡಿದಳು. ವಾಪಸಾತಿಗೆ ಮೂವತ್ತು ದಿನದ ಗಡುವು. ಸೋದರತ್ತೆ ವಾದ ಮಾಡಲಿಲ್ಲ. ಆಕೆಯನ್ನು ಕೂರಿಸಿ, ಕೆಟಲ್ಲನ್ನು ಒಳಗೆ ಒಯ್ದು, ತಳದಲ್ಲಿ ಗಟ್ಟಿ ಕಟ್ಟಿದ್ದ ಸುಣ್ಣವನ್ನು ನಿಂಬೆರಸದಲ್ಲಿ ನೆನೆಸಿ ತೆಗೆದು, ಕಾಲು ಗಂಟೆಯಲ್ಲಿ ಹೊಳೆಯುವಂತೆ ಮಾಡಿ ತಂದುಕೊಟ್ಟರು. “ಇದಕ್ಕೆ ವಾಪಸಾತಿ ಬೇಡಮ್ಮ, ಸ್ನಾನ ಬೇಕಿತ್ತು” ಎಂದರು. ಆಕೆ ನಗುತ್ತಾ ಹೋದಳು, ಹೋಗುವಾಗ ಎರಡು ಬಟ್ಟಲು ಕೊಂಡಳು.

ನಾನು ಅಲ್ಲಿಗೆ ಸೇರಿದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಮನೆಯಾಚೆ ದುಡಿದವಳಲ್ಲ. ಗಂಡ ಹೋಗಿ ಒಂದು ವರ್ಷವಾಗಿತ್ತು, ಮಗಳಿಗೆ ಐದು ವರ್ಷ. ಅವಳ ಬಲಗಿವಿ ಸೋರುತ್ತಿತ್ತು; ಆ ಕಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ತಡವಾದಷ್ಟೂ ಕೇಳುವುದು ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಕಂಪನಿಯಲ್ಲಿ ಆರು ತಿಂಗಳ ಪರೀಕ್ಷಾವಧಿ ಮುಗಿಸಿ ಖಾಯಂ ಆದವರಿಗೆ ಆಸ್ಪತ್ರೆಯ ಕಾರ್ಡು ಸಿಗುತ್ತಿತ್ತು, ಅದರಲ್ಲಿ ಮಕ್ಕಳ ಚಿಕಿತ್ಸೆಯೂ ಸೇರುತ್ತಿತ್ತು. ಆ ಕಾರ್ಡಿಗಾಗಿಯೇ ನಾನು ಸೇರಿದ್ದು. ಈ ದೊಡ್ಡ ಕಂಪನಿಗಳನ್ನು ಬೈಯುವವರು ಬೈಯಲಿ. ಯಾರ ಪರಿಚಯವೂ ಇಲ್ಲದ, ಯಾವ ಮನೆತನದವಳೆಂದು ಕೇಳದ ಒಂದು ಬಾಗಿಲು ನನ್ನ ಮುಂದೆ ತೆರೆದದ್ದು ಅಲ್ಲಿ ಮಾತ್ರ. ಆ ಕೃತಜ್ಞತೆ ನನಗೆ ಇಂದಿಗೂ ಇದೆ.

ಆದರೆ ಪರೀಕ್ಷಾವಧಿಯೆಂದರೆ ಕತ್ತಿಯ ಮೇಲಿನ ನಡಿಗೆ. ಪ್ರಧಾನ ಕಚೇರಿಯವರು ಆಗಾಗ ಗುಪ್ತ ಗಿರಾಕಿಗಳನ್ನು ಕಳಿಸುತ್ತಿದ್ದರು. ಅವರು ಸಾಮಾನ್ಯ ಗಿರಾಕಿಗಳಂತೆ ಬಂದು, ನಮ್ಮ ನಡತೆ ನೋಡಿ, ಎದೆಯ ಬಿಲ್ಲೆಯ ಮೇಲಿನ ಸಂಖ್ಯೆ ಗುರುತಿಟ್ಟುಕೊಂಡು ಹೋಗಿ ವರದಿ ಬರೆಯುತ್ತಿದ್ದರು. ಹೊಸಬರಿಗೆ ಒಂದು ಕೆಟ್ಟ ವರದಿ ಬಂದರೂ ಮನೆಗೆ ದಾರಿ. ಖಾಯಂ ಆದವರಿಗೆ ವರ್ಷಕ್ಕೆ ಎರಡು ಮಾಫಿ. ಮೂರನೆಯದಕ್ಕೆ ದರ್ಜೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು.

ನಾನು ಸೇರಿದ ದಿನ ಬೆಳಿಗ್ಗೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಸೋದರತ್ತೆ ನನ್ನ ಎದೆಯಿಂದ ಹಳದಿ ಬಿಲ್ಲೆ ಕಿತ್ತು ತಮಗೆ ಚುಚ್ಚಿಕೊಂಡು, ತಮ್ಮ ನೀಲಿ ಬಿಲ್ಲೆಯನ್ನು ನನಗೆ ಚುಚ್ಚಿದರು. ನಾನು ಕಕ್ಕಾಬಿಕ್ಕಿಯಾದೆ.

“ಖಾಯಂ ಆದವರಿಗೆ ವರ್ಷಕ್ಕೆ ಎರಡು ತಪ್ಪು ಮಾಫಿ ಅಂತ ಪುಸ್ತಕದಲ್ಲಿದೆ” ಎಂದರು. “ನಾನಂತೂ ತಪ್ಪು ಮಾಡಲ್ಲ. ನನ್ನ ಪಾಲಿನ ಎರಡು ತಪ್ಪು ಪ್ರತಿ ವರ್ಷ ಸುಮ್ನೆ ಹಾಳಾಗತ್ತೆ. ನೀನು ಮಾಡ್ಕೋ.”

ಇದು ಅವರು ಪ್ರತಿ ಹೊಸಬರಿಗೂ ಮಾಡುತ್ತಿದ್ದ ಉಪಚಾರವೆಂದು ಆಮೇಲೆ ತಿಳಿಯಿತು. ಅವರ ಎದೆಯ ಮೇಲೆ ಹೊಸಬರ ಸಂಖ್ಯೆ ಇರುತ್ತಿದ್ದುದರಿಂದ, ಗುಪ್ತ ಗಿರಾಕಿಗಳು ಅವರ ಕೆಲಸ ನೋಡಿ ಬೆರಗಾಗಿ ಬರೆದ ಹೊಗಳಿಕೆಯೆಲ್ಲ ಹೊಸಬರ ಲೆಕ್ಕಕ್ಕೆ ಹೋಗುತ್ತಿತ್ತು. ನಾನಿನ್ನೂ ಕಪಾಟಿನ ದಾರಿ ಕಲಿಯುತ್ತಿದ್ದಾಗಲೇ ನನ್ನ ಸಂಖ್ಯೆಗೆ ‘ಅಪರೂಪದ ಪ್ರತಿಭೆ’ ಎಂಬ ವರದಿ ಬಂದಿತ್ತು. ಮ್ಯಾನೇಜರುಗಳಿಗೆ ಒಂದೂವರೆ ವರ್ಷಕ್ಕೊಮ್ಮೆ ವರ್ಗ. ಬಿಲ್ಲೆಯ ಮರ್ಮ ಅವರಿಗೆ ಹೊಳೆಯುವ ಹೊತ್ತಿಗೆ ಬೇರೆ ಊರಿನ ಆದೇಶ ಬಂದಿರುತ್ತಿತ್ತು.

ನನಗಿಂತ ಮುಂಚೆ ಅವರ ಬಿಲ್ಲೆ ಧರಿಸಿದ್ದವರು ಪರದೆ ವಿಭಾಗದ ದರ್ಜಿ. ಮೂವತ್ತು ವರ್ಷ ಸ್ವಂತ ಹೊಲಿಗೆ ಯಂತ್ರ ತುಳಿದು, ಕಣ್ಣು ಮಂಜಾದ ಮೇಲೆ ಅಂಗಡಿಗೆ ಸೇರಿದವರು, ಸತ್ಯಸಂಧರು. ಅವರು ಒಬ್ಬ ಗುಪ್ತ ಗಿರಾಕಿಗೆ “ಈ ಪರದೆ ಬೇಡ ಸ್ವಾಮಿ, ಹೊಲಿಗೆ ಒಂದು ಒಗೆತಕ್ಕೂ ನಿಲ್ಲಲ್ಲ” ಎಂದು ಕಿವಿಮಾತು ಹೇಳಿ, ಎರಡು ತಿಂಗಳ ಮೇಲೆ ಇನ್ನೊಬ್ಬರಿಗೂ ಅದನ್ನೇ ಹೇಳಿ, ಆ ವರ್ಷದ ಎರಡೂ ಮಾಫಿಗಳನ್ನು ತೀರಿಸಿಬಿಟ್ಟಿದ್ದರು. ಈ ಸಂಗತಿ ನನಗೆ ಗೊತ್ತಿರಲಿಲ್ಲ. ಸೋದರತ್ತೆ ಹೇಳಲಿಲ್ಲ.

ಗೊತ್ತಿದ್ದದ್ದು ಇನ್ನೊಂದು. ಅವರ ಮಂಡಿಗಳು ಸವೆದುಹೋಗಿದ್ದವು. ಸಂಜೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಒಂದೊಂದೇ ಕಾಲು ಕೆಳಗಿಡುತ್ತಿದ್ದರು. ಮನೆಯಲ್ಲಿ ಅವರ ಅಕ್ಕ ಬಿಸಿನೀರಿನ ಚೀಲ ಸಿದ್ಧವಾಗಿಟ್ಟು ಕಾಯುತ್ತಿದ್ದರು. ನಮ್ಮ ಮಹಡಿಯ ಮೇಲ್ವಿಚಾರಕಿಯ ಹುದ್ದೆ ಆ ವರ್ಷ ಖಾಲಿಯಾಗುವುದರಲ್ಲಿತ್ತು. ಇಡೀ ಮಹಡಿಯಲ್ಲಿ ಕುರ್ಚಿಯಿರುವ ಕೆಲಸ ಅದೊಂದೇ. ಹಿರಿಯ ದರ್ಜೆಯವರಲ್ಲಿ ಅವರದೇ ಸರದಿ. “ಕೊನೆಯ ಎರಡು ವರ್ಷ ಕೂತ್ಕೊಂಡು ಕೆಲಸ ಮಾಡಿ ಮನೆಗೆ ಹೋಗ್ಬೇಕು ಕಣೇ” ಎಂದು ಅವರು ಒಂದೇ ಒಂದು ಸಲ ನನ್ನೆದುರು ಆಸೆಪಟ್ಟು ಹೇಳಿದ್ದರು.

ನನ್ನ ಐದನೆಯ ತಿಂಗಳಲ್ಲಿ ಆ ದಿನ ಬಂತು. ಗುಪ್ತ ಗಿರಾಕಿಯನ್ನು ಪತ್ತೆಹಚ್ಚುವ ಲಕ್ಷಣಶಾಸ್ತ್ರವೊಂದು ನಮ್ಮೊಳಗೆ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು: ಅವರು ಛಾವಣಿಯ ದೀಪ ನೋಡುತ್ತಾರೆ, ಅವಸರಪಡುವುದಿಲ್ಲ, ಕೈಯಲ್ಲಿ ಚಿಕ್ಕ ಪುಸ್ತಕ ಇರುತ್ತದೆ. ಅಂದು ದಿಂಬಿನ ವಿಭಾಗದಲ್ಲಿ ಒಬ್ಬರು ಬೆಂಚಿನ ಮೇಲೆ ಕುಳಿತು, ಛಾವಣಿ ನೋಡಿ, ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಗುಪ್ತ ಗಿರಾಕಿಯೇ ಸರಿ ಎಂದುಕೊಂಡೆ. ಹೋಗಿ ನಕ್ಕೆ. ದಿಂಬು ತೋರಿಸಿದೆ. ಹತ್ತಿ, ರೇಷ್ಮೆ, ರಬ್ಬರು, ಕತ್ತುನೋವಿಗೊಂದು, ಪಕ್ಕಕ್ಕೆ ಮಲಗುವವರಿಗೊಂದು, ಒಟ್ಟು ಇಪ್ಪತ್ತಾರು ದಿಂಬುಗಳನ್ನು ಅವರ ಸುತ್ತ ಗುಡ್ಡೆ ಹಾಕಿದೆ. ಈ ನಡುವೆ ಒಬ್ಬ ಹೆಂಗಸು ಕರವಸ್ತ್ರದಲ್ಲಿ ಸುತ್ತಿದ ಹಳೆಯ ಬಲ್ಬು ಹಿಡಿದು “ಇಂಥದ್ದು ಎಲ್ಲಿ ಸಿಗತ್ತೆ?” ಎಂದು ಮೂರು ಸಲ ಕೇಳಿದಳು. ನಾನು ಮೂರು ಸಲವೂ ತಿರುಗಿ ನೋಡದೆ “ಒಂದ್ನಿಮಿಷ ಇರಿ” ಎಂದೆ. ಕಡೆಗೆ ಆಕೆ ಹೊರಟುಹೋದಳು.

ದಿಂಬಿನ ಗುಡ್ಡೆಯ ನಡುವಿನಿಂದ ಆ ಮಹಾಶಯರು ಸಂಕೋಚದಿಂದ ಎದ್ದರು. “ನಾನು ಸುಮ್ನೆ ಪದಬಂಧ ಬಿಡಿಸ್ತಾ ಕೂತಿದ್ದೆ. ನನ್ನ ಹೆಂಡತಿ ಆಕಡೆ ಚಪ್ಪಲಿ ನೋಡ್ತಿದಾಳೆ. ನೀವು ಅಷ್ಟು ಪ್ರೀತಿಯಿಂದ ತೋರಿಸ್ತಿದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ” ಎಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಕೆಲಸ. ಬೈದುಕೊಳ್ಳುತ್ತಾ ದಿಂಬುಗಳನ್ನು ಕಪಾಟಿಗೆ ಸೇರಿಸಿದೆ.

ಹತ್ತು ದಿನದ ಮೇಲೆ ವಿಶ್ರಾಂತಿ ಕೋಣೆಯ ಗೋಡೆಯ ಮೇಲೆ ವರದಿ ಅಂಟಿಸಿದ್ದರು. ‘ಬಲ್ಬಿನ ವಿಚಾರಣೆಗೆ ಹನ್ನೆರಡು ನಿಮಿಷ ಕಾಯಿಸಿ ಉತ್ತರಿಸಲಿಲ್ಲ. ಮುಖ ತಿರುಗಿಸಿ ನೋಡಲೂ ಇಲ್ಲ.’ ಕೆಳಗೆ ಬಿಲ್ಲೆಯ ಸಂಖ್ಯೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಎದೆಯ ನೀಲಿ ಬಿಲ್ಲೆಗೆ ಹೋಯಿತು. ವರದಿಯ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ‘ವರ್ಷದ ಮೂರನೆಯದು’ ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ದರ್ಜಿಯ ಮುಖ ಬಿಳಿಚಿಕೊಂಡಿತ್ತು. “ಮೊದಲ ಎರಡೂ ನಂದೇ ಕಣಮ್ಮ” ಎಂದರು.

ನಾನು ಮ್ಯಾನೇಜರ ಕೋಣೆಯ ಕಡೆಗೆ ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಸೋದರತ್ತೆ ಕಂಬಿ ಹಿಡಿದು ಇಳಿದು ಬರುತ್ತಿದ್ದರು.

“ಎಲ್ಲಿಗೆ ಹೊರಟೆ?”

“ಹೇಳ್ಬಿಡ್ತೀನಿ ಅತ್ತೆ. ತಪ್ಪು ನಂದು.”

“ಹೇಳು, ಹೇಳು. ಬಿಲ್ಲೆ ಬದಲಾಯಿಸಿದ್ದಕ್ಕೆ ನಿನ್ನನ್ನೂ ಮನೆಗೆ ಕಳಿಸ್ತಾರೆ, ನನ್ನನ್ನೂ ಕಳಿಸ್ತಾರೆ. ಅದೂ ಪುಸ್ತಕದಲ್ಲಿದೆ. ಈಗ ಹೋಗಿರೋದು ಒಂದು ಕುರ್ಚಿ. ಅಷ್ಟೇ ತಾನೆ?”

“ಎರಡೂ ಮುಗಿದುಹೋಗಿತ್ತು ಅಂತ ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಿಲ್ಲೆ ವಾಪಸ್ ಕೊಡ್ತಿದ್ದೆ. ಇವತ್ತು ನಿನ್ನ ಕೆಲಸ ಹೋಗ್ತಿತ್ತು.” ಮಂಡಿ ಉಜ್ಜಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. “ಕುರ್ಚಿ ಆಸೆ ಇತ್ತು ಕಣೇ. ಇರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಈಗ ಕೆಳಗೆ ನಡಿ, ಬಲ್ಬು ಎಲ್ಲಿರತ್ತೆ ಅಂತ ತೋರಿಸ್ತೀನಿ.”

ನಾನು ಇಳಿದೆ. ಮಗಳ ಕಿವಿ ನೆನೆದು ಬಾಯಿ ಮುಚ್ಚಿಕೊಂಡೆ. ಹಾಗೆ ಸುಮ್ಮನಾದದ್ದಕ್ಕೆ ನನಗೆ ನಾಚಿಕೆಯಿದೆ. ಆ ನಾಚಿಕೆಗಿಂತ ದೊಡ್ಡದಾಗಿ ಅವರ ಮೇಲಿನ ಕೃತಜ್ಞತೆ ಇದೆ.

ಅವರ ದರ್ಜೆ ಒಂದು ಮೆಟ್ಟಿಲು ಇಳಿಯಿತು. ನಾನು ಮರುತಿಂಗಳು ಖಾಯಂ ಆದೆ, ಕಾರ್ಡು ಬಂತು, ಮಗಳ ಶಸ್ತ್ರಚಿಕಿತ್ಸೆ ಆಯಿತು. ಈಗ ಅವಳನ್ನು ಯಾವ ಕಡೆಯಿಂದ ಕರೆದರೂ ತಿರುಗುತ್ತಾಳೆ, ಒಂದೊಂದು ಸಲ ಬೇಕೆಂದೇ ತಿರುಗುವುದಿಲ್ಲ. ಕುರ್ಚಿ ಸಿಕ್ಕಿದ್ದು ಪಾತ್ರೆ ವಿಭಾಗದ ಹೆಂಗಸಿಗೆ. ಅವರೂ ಒಂದು ಕಾಲದಲ್ಲಿ ಸೋದರತ್ತೆಯ ಬಿಲ್ಲೆ ಧರಿಸಿದವರೇ. ಅವರು ದಿನಾ ಮಧ್ಯಾಹ್ನ ಮೂರು ಗಂಟೆಗೆ, ಯಾರೂ ಕೇಳದಿದ್ದರೂ, “ಒಂದು ಸುತ್ತು ನೋಡ್ಕೊಂಡು ಬರ್ತೀನಿ, ಟೇಬಲ್ ಕಡೆ ಸ್ವಲ್ಪ ಗಮನ ಇರಲಿ ಅತ್ತೆ” ಎಂದು ಹೇಳಿ ಎದ್ದುಹೋಗಿ ಅರ್ಧ ಗಂಟೆ ಬರುತ್ತಿರಲಿಲ್ಲ. ಸೋದರತ್ತೆ ಗೊಣಗುತ್ತಾ ಕೂರುತ್ತಿದ್ದರು. ನಿವೃತ್ತಿಯವರೆಗೆ ಎರಡು ವರ್ಷ ಹೀಗೆಯೇ ನಡೆಯಿತು.

ನಿಯಮಗಳಿಲ್ಲದೆ ದೊಡ್ಡ ಸಂಸ್ಥೆಗಳು ನಡೆಯಲಾರವು, ಅದನ್ನು ನಾನು ಒಪ್ಪುತ್ತೇನೆ. ನಾನೂರು ಊರುಗಳ ನಾನೂರು ಅಂಗಡಿಗಳನ್ನು ಎಲ್ಲೋ ಕುಳಿತು ನಡೆಸುವವರಿಗೆ ನಮ್ಮ ಮನೆಯ ಮಗುವಿನ ಕಿವಿ ಕಾಣದಿರುವುದು ಅವರ ಅಪರಾಧವೂ ಅಲ್ಲ. ಆದರೆ ಇಂಥ ಪ್ರತಿಯೊಂದು ಕಟ್ಟಡದಲ್ಲೂ, ನಿಯಮವನ್ನು ಅಕ್ಷರಕ್ಷರ ಓದಿ, ಅದರಲ್ಲಿ ತನಗೆಂದು ಬಿಟ್ಟಿರುವ ಅಂಗೈಯಗಲ ಜಾಗ ಎಲ್ಲಿದೆಯೆಂದು ಕಂಡುಕೊಂಡು, ಆ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ತಾನು ಹೊರಗೆ ನಿಲ್ಲುವ ಜೀವವೊಂದು ಇರುತ್ತದೆ. ಅಂಥವರ ಕೆಲಸ ಯಾವ ವರದಿಯಲ್ಲಿಯೂ ಬರುವುದಿಲ್ಲ, ಬಂದರೂ ಬೇರೆಯವರ ಸಂಖ್ಯೆಯಲ್ಲಿ ಬರುತ್ತದೆ. ಅವರು ಸಾಮಾನ್ಯವಾಗಿ ಬಡ್ತಿ ಕಾಣುವುದಿಲ್ಲ. ಅವರು ಇರುವುದರಿಂದ ನಮ್ಮಂಥವರು ಖಾಯಂ ಆಗುತ್ತೇವೆ.